ಕೋಟೆ ಅಗ್ಗ, ಅದರ ಮಾಡು ದುಬಾರಿ

ಪ್ಯಾರಿಸ್‌ನಲ್ಲಿ ಫ್ಲ್ಯಾಟ್ ಕೊಳ್ಳುವ ದುಡ್ಡಿಗೆ ಹಳ್ಳಿ ಕಡೆ ಒಂದು ಕೋಟೆಯನ್ನೇ ಕೊಳ್ಳಬಹುದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಲೆಕ್ಕ ತಪ್ಪೇನಲ್ಲ. 2015ರಲ್ಲಿ ಬ್ರಿಟನ್ನಿನ ಒಂದು ಜೋಡಿ ಫ್ರಾನ್ಸಿನ ಮಾಯೆನ್ ಜಿಲ್ಲೆಯಲ್ಲಿ 45 ಕೋಣೆಗಳ ಶಾತೊ, ಅಂದರೆ ಕೋಟೆಯಂಥ ಹಳೇ ಬಂಗಲೆ, ಕೊಂಡರು. ಕೊಟ್ಟಿದ್ದು 2,80,000 ಪೌಂಡು. ಸುತ್ತ ನೀರು ತುಂಬಿದ ಕಂದಕ ಬೇರೆ! ಆಗ ಅಷ್ಟು ದುಡ್ಡಿಗೆ ಪ್ಯಾರಿಸ್‌ನಲ್ಲಿ ಸಿಗುತ್ತಿದ್ದದ್ದು ಸುಮಾರು 500 ಚದರಡಿ, ಅಷ್ಟೇ.

ಆದರೆ ಆ ಶಾತೊದಲ್ಲಿ ಕರೆಂಟ್ ಇರಲಿಲ್ಲ, ನಲ್ಲಿ ನೀರಿರಲಿಲ್ಲ, ಚಳಿಗೆ ಹೀಟಿಂಗ್ ಇರಲಿಲ್ಲ. ಇದನ್ನೂ ಬರೆಯಬೇಕಿತ್ತು ಅಲ್ವಾ?

ನಮ್ಮಜ್ಜಿ ಮನೆ ತೀರ್ಥಹಳ್ಳಿ ಕಡೆ. ಐದಂಕಣದ ಮನೆ, ಕೋಟೆಯೇನಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಲೇಬೇಕು. ಒಂದು ವರ್ಷ ಸುಮ್ನೆ ಬಿಟ್ಟಿದ್ದಕ್ಕೆ ನಡುಮನೆಯಲ್ಲಿ ಮೂರು ಕೊಡಪಾನ, ಒಂದು ಪರಾತ ಇಟ್ಟು, ರಾತ್ರಿಯಿಡೀ ಟಪ್ ಟಪ್ ಕೇಳುತ್ತಾ ಮಲಗಿದ್ದೆವು. ಇನ್ನು 45 ಕೋಣೆಗಳ ಮೇಲಿನ ಸ್ಲೇಟ್ ಕಲ್ಲಿನ ಮಾಡು ಸೋರಿದರೆ ಎಷ್ಟು ಪರಾತ ಬೇಕೋ!

ಅದೂ ಅಲ್ಲದೆ, ಕಟ್ಟಡ ಸ್ಮಾರಕಗಳ ಪಟ್ಟಿಯಲ್ಲಿದ್ದರೆ ಫ್ರಾನ್ಸಿನಲ್ಲಿ ಒಂದು ಕಿಟಕಿ ಬದಲಿಸಲೂ ಸರ್ಕಾರದ ಒಪ್ಪಿಗೆ ಬೇಕು. ಪ್ಲಾಸ್ಟಿಕ್ ಕಿಟಕಿ ಹಾಕಿ ಕೈತೊಳೆದುಕೊಳ್ಳುವ ಹಾಗಿಲ್ಲ. ಮಾರಲು ಹೊರಟರೂ ಕಷ್ಟ. ಪ್ಯಾರಿಸ್ ಫ್ಲ್ಯಾಟಿಗೆ ಗಿರಾಕಿ ಸಿಕ್ಕಷ್ಟು ಸುಲಭವಾಗಿ ಮೂಲೆಯ ಹಳ್ಳಿಯ ಕೋಟೆಗೆ ಸಿಗುವುದಿಲ್ಲ.

ನನ್ನ ಹತ್ತಿರ ಅಷ್ಟು ದುಡ್ಡಿದ್ದರೆ ಫ್ಲ್ಯಾಟೇ ಕೊಳ್ಳುತ್ತೇನೆ. ಎಷ್ಟೋ ಶಾತೊಗಳಲ್ಲಿ ಬಾಡಿಗೆಗೆ ಕೋಣೆ ಕೊಡುತ್ತಾರೆ, ರಜೆಯಲ್ಲಿ ಎರಡು ರಾತ್ರಿ ರಾಜನ ಹಾಗೆ ಇದ್ದು ಬಂದರಾಯಿತು. ಮಾಡಿನ ಚಿಂತೆ ಅವರಿಗಿರಲಿ.