ಪಾಠ ಮಾಡೋದು ಕಲಿಯೋಕೆ ಪಾಠಕ್ಕೆ ರಜೆ

ನಮ್ಮಲ್ಲಿ ಓದುಬರಹ ಬಾರದ ದೊಡ್ಡವರ ಕ್ಲಾಸು ನಡೆಯುವುದು ಮಂಗಳವಾರ ಮತ್ತು ಶುಕ್ರವಾರ, ಸಂಜೆ ಆರೂವರೆಯಿಂದ ಎಂಟರವರೆಗೆ. ಈ ಹೊತ್ತು ನಾನು ಗೊತ್ತು ಮಾಡಿದ್ದಲ್ಲ. ತೋಟದ ಕೆಲಸ ಬಿಟ್ಟು, ಲೈನ್ ಮನೆಗೆ, ಅಂದರೆ ತೋಟದ ಕೂಲಿಯವರ ಸಾಲುಮನೆಗೆ ಬಂದು, ಒಲೆ ಹಚ್ಚಿ, ಸೊಸೆಗೋ ಮಗಳಿಗೋ ಅನ್ನಕ್ಕೆ ಇಡು ಅಂತ ಹೇಳಿ ಬರಲು ಅವರಿಗೆ ಆಗುವುದೇ ಆಗ. ಎಂಟರ ಮೇಲೆ ಎಳೆಯುವ ಹಾಗಿಲ್ಲ. ನಾನು ಸ್ಕೂಟಿಯಲ್ಲಿ ಮನೆ ಸೇರಬೇಕು, ದಾರಿಯಲ್ಲಿ ಆನೆ ತಿರುಗುತ್ತದೆ. ಸಕಲೇಶಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರು ನಂಬಿಕೊಳ್ಳಿ.

ಹೋದ ತಿಂಗಳು ವಾಟ್ಸಾಪಿಗೆ ಒಂದು ಮೆಸೇಜ್ ಬಂತು. 'ವಯಸ್ಕರ ಶಿಕ್ಷಣ ಬೋಧಕರಿಗೆ ಆನ್‌ಲೈನ್ ವೃತ್ತಿಪರ ಸಾಮರ್ಥ್ಯಾಭಿವೃದ್ಧಿ ಕಾರ್ಯಾಗಾರ. ಮಂಗಳವಾರ, ಸಂಜೆ 6.30ರಿಂದ 8.30. ಹಾಜರಾತಿ ಕಡ್ಡಾಯ.' ಕೆಳಗೆ ಒಂದು ಲಿಂಕ್, ಅದರ ಕೆಳಗೆ ಕೈಮುಗಿದ ಚಿತ್ರ.

ಸಂಜೆ ನಮಗೆ ಕ್ಲಾಸ್ ಇರುತ್ತೆ ಅಂತ ಗ್ರೂಪಿನಲ್ಲಿ ಒಬ್ಬರು ಬರೆದರು. 'ಬೋಧಕರಿಗೆ ಹಗಲು ಬೇರೆ ಕೆಲಸ ಇರುತ್ತದೆ, ಅವರ ಅನುಕೂಲಕ್ಕೆಂದೇ ಸಂಜೆ ಇಟ್ಟಿದ್ದೇವೆ' ಅಂತ ಉತ್ತರ ಬಂತು. ಇದರ ಮೇಲೆ ಏನು ಹೇಳುವುದು? ಪಾಠ ಮಾಡುವುದು ಹೇಗೆ ಅಂತ ಕಲಿಯಲು ಪಾಠಕ್ಕೆ ರಜೆ ಹಾಕಿದೆ. ಲೈನಿನ ಮೇಸ್ತ್ರಿಗೆ ಫೋನ್ ಮಾಡಿ, ಇವತ್ತು ಕ್ಲಾಸ್ ಇಲ್ಲ ಅಂತ ಎಲ್ಲರಿಗೂ ಹೇಳಿಬಿಡಿ ಎಂದೆ. ಅವರು ಹೂಂ ಅಂದರು. ಅಂದು, ಮರೆತರು.

ಯಾರು ನಡೆಸಿದ್ದು ಅಂತ ಕೇಳಬೇಡಿ. ಇಂಥವಕ್ಕೆ ಹೆಸರು ಬೇಕಾಗಿಲ್ಲ, ಒಂದಕ್ಕೆ ಕೂತರೆ ಎಲ್ಲಕ್ಕೂ ಕೂತ ಹಾಗೆ. ನನಗೆ ಖುಷಿ ಕೊಟ್ಟಿದ್ದು 'ವೃತ್ತಿಪರ' ಅನ್ನುವ ಪದ. ವೃತ್ತಿ ಅಂದಮೇಲೆ ಕೈಗೆ ನಾಲ್ಕು ಕಾಸು ಬರಬೇಕಲ್ವಾ? ಸಾಕ್ಷರ ಭಾರತ್ ಯೋಜನೆಯ ಕಾಲದಲ್ಲಿ ನಾನು ಪ್ರೇರಕಿ, ಅಂದರೆ ಊರಿನ ಕಲಿಕಾ ಕೇಂದ್ರ ನೋಡಿಕೊಳ್ಳುವವಳು ಆಗಿದ್ದೆ, ತಿಂಗಳಿಗೆ 2000 ರೂಪಾಯಿ ಗೌರವಧನ. 2009ರ ಸೆಪ್ಟೆಂಬರ್ 8ಕ್ಕೆ, ಸಾಕ್ಷರತಾ ದಿನದಂದೇ ಶುರುವಾದ ಆ ಯೋಜನೆ 2018ರ ಮಾರ್ಚ್‌ಗೆ ಮುಗಿಯಿತು. ಅದರ ಜೊತೆ ಧನವೂ ಹೋಯಿತು. ಈಗ ನಾವೆಲ್ಲ ಸ್ವಯಂಸೇವಕರು, ಬರೀ ಗೌರವ ಉಳಿದಿದೆ.

ಹೆಸರಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 1978ರ ಅಕ್ಟೋಬರ್ 2ಕ್ಕೆ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಅಂತ ಶುರುವಾಯಿತು. 1988ಕ್ಕೆ ರಾಷ್ಟ್ರೀಯ ಸಾಕ್ಷರತಾ ಮಿಷನ್. ಆಮೇಲೆ ಸಾಕ್ಷರ ಭಾರತ್. ಈಗ ಉಲ್ಲಾಸ್, 2022ರಿಂದ 2027ರವರೆಗೆ, 1037.90 ಕೋಟಿ ರೂಪಾಯಿಯ ಲೆಕ್ಕ, 15 ವರ್ಷ ದಾಟಿದ ಐದು ಕೋಟಿ ಜನಕ್ಕೆ ಓದುಬರಹ ಕಲಿಸುವ ಗುರಿ. 15 ದಾಟಿದವರೆಲ್ಲ 'ವಯಸ್ಕರು' ಅನ್ನುವ ಪದದೊಳಗೆ ಹಿಡಿಸುವುದಿಲ್ಲ, ಆದ್ದರಿಂದ 'ವಯಸ್ಕರ ಶಿಕ್ಷಣ' ಬಿಟ್ಟು 'ಎಲ್ಲರಿಗೂ ಶಿಕ್ಷಣ' ಅನ್ನಿ ಅಂತಲೂ ಆಗಿದೆ. ನಮ್ಮ ಲೈನಿನವರು ಮಾತ್ರ ಮೊದಲಿಂದಲೂ ಇದನ್ನು ಕರೆಯುವುದು 'ರಾತ್ರಿ ಇಸ್ಕೂಲು' ಅಂತಲೇ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯಲ್ಲಿ ಓದುಬರಹ ಬಲ್ಲವರು ನೂರಕ್ಕೆ 76. ಉಳಿದವರಲ್ಲಿ ಹನ್ನೊಂದು ಜನ ನನ್ನ ಪಾಲಿಗೆ ಬಂದಿದ್ದಾರೆ.

ಸರಿ, ಕಾರ್ಯಾಗಾರಕ್ಕೆ ಬರೋಣ.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಎರಡೇ ಕಡೆ. ಒಂದು ಕಾಫಿ ಒಣಗಿಸುವ ಕಣದ ಮೂಲೆ, ಇನ್ನೊಂದು ಬಚ್ಚಲಿನ ಹಂಡೆ ಪಕ್ಕ. ಪುನರ್ವಸು ಮಳೆ ಹೊಡೆಯುತ್ತಿತ್ತು, ಹಂಡೆ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. 'ಎಲ್ಲರೂ ಕ್ಯಾಮೆರಾ ಆನ್ ಮಾಡಿ, ಆಗಲೇ ಆತ್ಮೀಯತೆ ಬರೋದು' ಅಂದರು ಬೆಂಗಳೂರಿನ ಮೇಡಂ. ಆನ್ ಮಾಡಿದೆ. ಹಂಡೆ ಕಂಡಿತು. 'ಬ್ಯಾಕ್‌ಗ್ರೌಂಡ್ ಬ್ಲರ್ ಮಾಡ್ಕೊಳ್ಳಿ' ಅಂದರು. ಅದು ಹೇಗೆ ಅಂತ ಹುಡುಕುವಷ್ಟರಲ್ಲಿ ನಾನೇ ಬ್ಲರ್ ಆಗಿ, ಹಂಡೆ ಮಾತ್ರ ಸ್ಪಷ್ಟವಾಗಿ ಉಳಿಯಿತು.

ಮೊದಲ ಅರ್ಧ ಗಂಟೆ 'ಕೇಳಿಸ್ತಿದೆಯಾ?' ಆಯಿತು. ಆಮೇಲೆ ಸ್ವಾಗತ. ಆಮೇಲೆ ಉದ್ಘಾಟನೆ. ಆನ್‌ಲೈನಿನಲ್ಲಿ ದೀಪ ಬೆಳಗಿಸುವುದು ಹೇಗೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ದೀಪ ಬೆಳಗಿಸುವ ವಿಡಿಯೋ ಹಾಕುತ್ತಾರೆ, ನಾವು ಕೂತಲ್ಲೇ ಚಪ್ಪಾಳೆ ತಟ್ಟಬೇಕು. ಮೇಣದಬತ್ತಿ ಹಿಡಿದ ಕೈ ದೀಪದ ಹತ್ತಿರ ಬಂತು, ಬಂದು ಅಲ್ಲೇ ನಿಂತಿತು. ಒಂದು ಚಕ್ರ ಗಿರಗಿರ ತಿರುಗಿತು. ಬತ್ತಿ ಹತ್ತಲಿಲ್ಲ. ಅಕ್ಷರದ ದೀಪ ಬೆಳಗಿತು ಅಂತ ನಿರೂಪಕರು ಹೇಳಿಬಿಟ್ಟರು, ಬರೆದುಕೊಂಡು ಬಂದಿದ್ದರಲ್ಲ.

ಇಷ್ಟಾದರೂ ನಾನು ಇದನ್ನು ಬರೆಯುತ್ತಿರಲಿಲ್ಲ. ಬರೆಸಿದ್ದು ಆಮೇಲೆ ಆದದ್ದು.

ಮೇಡಂ ಸ್ಲೈಡ್ ತೆರೆದರು. ಯಾವುದೋ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ, ಅವರ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ. ಅಕ್ಷರವೆಲ್ಲ ಒಡೆದು ಹೋಗಿತ್ತು. ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ, ತಲೆ ಮೇಲೆ ಚುಕ್ಕಿ, ಗೆರೆ, ಕೊಂಬು ಹೊತ್ತ ಏನೇನೋ ಪರದೆ ತುಂಬ ಇರುವೆ ಸಾಲಿನ ಹಾಗೆ ಹರಿದಾಡಿದವು. ಮೇಡಂ ತಮ್ಮ ಕೈಯಲ್ಲಿದ್ದ ಪ್ರಿಂಟ್ ನೋಡಿಕೊಂಡು ಮಾತಾಡುತ್ತಿದ್ದರು, ಅವರಿಗೆ ಇದು ಗೊತ್ತಾಗಲಿಲ್ಲ. 'ಎಲ್ಲರಿಗೂ ಕಾಣಿಸ್ತಿದೆ ಅಲ್ವಾ?' ಅಂತ ಕೇಳಿದರು.

ಅವತ್ತು ಅಲ್ಲಿ ಇನ್ನೂರು ಚಿಲ್ಲರೆ ಜನ ಇದ್ದೆವು. ಎಲ್ಲರೂ ಊರಿಗೆ ಅಕ್ಷರ ಕಲಿಸುವವರು. ಒಬ್ಬರಾದರೂ 'ಮೇಡಂ, ಓದೋಕೆ ಆಗ್ತಿಲ್ಲ' ಅನ್ನಬಾರದಾ? 'ಯೆಸ್ ಮೇಡಂ', 'ಕಾಣಿಸ್ತಿದೆ ಮೇಡಂ', 'ತುಂಬ ಚೆನ್ನಾಗಿದೆ ಮೇಡಂ'. ನಾನೂ ಒಂದು ಯೆಸ್ ಹಾಕಿದೆ, ಸುಳ್ಳು ಯಾಕೆ ಹೇಳಲಿ. ಎಲ್ಲರೂ ಓದುತ್ತಿರಬಹುದು, ನನ್ನ ಫೋನಿಗೇ ಏನೋ ಆಗಿದೆ, ಕೇಳಿದರೆ ಮರ್ಯಾದೆ ಹೋಗುತ್ತೆ ಅನ್ನಿಸಿತ್ತು. ಇಪ್ಪತ್ತು ನಿಮಿಷ ಆ ಇರುವೆ ಸಾಲನ್ನು ನೋಡುತ್ತಾ ತಲೆ ಆಡಿಸಿದೆ. ನನ್ನ ಕ್ಲಾಸಿನ ಅಜ್ಜಿಯೊಬ್ಬರು ಹಾನುಬಾಳಿನಲ್ಲಿ ಬಸ್ಸಿಗೆ ನಿಂತಾಗ, ಬೋರ್ಡನ್ನೇ ದಿಟ್ಟಿಸಿ, ಓದಿದವರ ಹಾಗೆ ತಲೆ ಆಡಿಸಿ, ಆಮೇಲೆ ಪಕ್ಕದವರನ್ನು 'ಇದು ಹೊರಡೋದು ಎಷ್ಟೊತ್ತಿಗೆ?' ಅಂತ ಕೇಳಿ, ಆ ಉತ್ತರದಲ್ಲೇ ಬಸ್ಸು ಸಕಲೇಶಪುರದ್ದೋ ಮೂಡಿಗೆರೆಯದ್ದೋ ಅಂತ ಹೊರಗೆಳೆಯುತ್ತಿದ್ದರಂತೆ. ಆ ಉಪಾಯ ನನಗೆ ಬರುವುದಿಲ್ಲ. ಅಷ್ಟರ ಮಟ್ಟಿಗೆ ಅಜ್ಜಿಯೇ ಜಾಣೆ.

ಆಮೇಲೆ ಯಾರೋ ಧೈರ್ಯವಂತರು ಹೇಳಿದರು ಅಂತ ಕಾಣುತ್ತದೆ, ಸ್ಲೈಡ್ ಹೋಯಿತು, ಇಂಗ್ಲಿಷ್ ಸ್ಲೈಡ್ ಬಂತು. 'ಆಂಡ್ರಗಾಜಿ'. ದೊಡ್ಡವರಿಗೆ ಕಲಿಸುವ ಶಾಸ್ತ್ರ. ಮಾಲ್ಕಮ್ ನೋಲ್ಸ್ ಅನ್ನುವ ಅಮೆರಿಕದ ವಿದ್ವಾಂಸರು ಬಳಕೆಗೆ ತಂದ ಪದ. ವಿಷಯ ಒಳ್ಳೆಯದೇ. ದೊಡ್ಡವರು ಮಕ್ಕಳ ಹಾಗೆ ಕಲಿಯುವುದಿಲ್ಲ, ಅವರ ಹತ್ತಿರ ಅನುಭವ ಇರುತ್ತದೆ, ಈಗಲೇ ಬೇಕಾದ್ದನ್ನು ಬೇಗ ಹಿಡಿಯುತ್ತಾರೆ, ಅವರನ್ನು ಮಾತಾಡಿಸಬೇಕು, ಸುಮ್ನೆ ಕೂರಿಸಿ ಉಪನ್ಯಾಸ ಕೊಡಬಾರದು. ಇದಿಷ್ಟನ್ನೂ ಮೇಡಂ ನಮ್ಮನ್ನು ಸುಮ್ನೆ ಕೂರಿಸಿ, ಎಲ್ಲರನ್ನೂ ಮ್ಯೂಟ್ ಮಾಡಿ, ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟರು.

'ಈಗಲೇ ಬೇಕಾದ್ದು' ಅಂದಾಗ ನನಗೆ ಅಜ್ಜಿಯ ಆನೆ ನೆನಪಾಯಿತು.

ಅಕ್ಷರ ಕಲಿಸಲು ನಾವು ಅ ಆ ಇ ಈ ಅಂತ ಹೊರಡುವುದಿಲ್ಲ. ರ ಗ ಸ ದ ಅ ಅಂತ ಹೊರಡುತ್ತೇವೆ. ಬರೆಯಲು ಸುಲಭ, ಒಂದರ ಆಕಾರ ಇನ್ನೊಂದಕ್ಕೆ ಹತ್ತಿರ, ಮೇಲಾಗಿ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಅಂತ ಪದ ಕಟ್ಟಬಹುದು. ಒಂದೇ ವಾರದಲ್ಲಿ 'ನಾನೂ ಓದಿದೆ' ಅನ್ನುವ ಖುಷಿ. ಒಳ್ಳೆ ಪದ್ಧತಿ, ತಕರಾರಿಲ್ಲ. ಆದರೆ ನಮ್ಮ ಅಜ್ಜಿಗೆ ಅರಸನೂ ಬೇಡ, ಅಗಸನೂ ಬೇಡ. ಮೊಮ್ಮಗ ಕೊಟ್ಟ ಹಳೇ ಫೋನಿಗೆ ಆನೆ ಎಲ್ಲಿದೆ ಅಂತ ಮೆಸೇಜ್ ಬರುತ್ತದೆ. ಟಣ್ ಅಂದ ತಕ್ಷಣ ಅದು ಆನೆ ಸುದ್ದಿಯೋ, ರೀಚಾರ್ಜ್ ಸುದ್ದಿಯೋ ಗೊತ್ತಾಗಬೇಕು. ಅಷ್ಟು ಸಾಕು.

ಪುಸ್ತಕ ಪಕ್ಕಕ್ಕಿಟ್ಟು ಹಲಗೆ ಮೇಲೆ 'ಅ' ಬರೆದೆ, ಬಲಕ್ಕೆ ಸುರುಳಿ ಎಳೆದು 'ಆ' ಮಾಡಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, 'ಸೊಂಡ್ಲು ಬಂತು' ಅಂದರು. 'ನೆ' ಬರೆದೆ. 'ಹಂಗಾರೆ ಇದು ಹಿಂದಿಂದು.' ಮಾರನೇ ಕ್ಲಾಸಿಗೆ ಬರುವಾಗ ಅವರ ಬಲಗೈ ತೋರುಬೆರಳು ಕಪ್ಪಗಿತ್ತು. ಬಾಂಡ್ಲಿಯ ಹಿಂದಿನ ಮಸಿಯಲ್ಲಿ ರಾತ್ರಿಯೆಲ್ಲ ಆನೆ ಆನೆ ಅಂತ ಗೀಚಿದ್ದರಂತೆ. ಈಗ ಯಾವ ಮೆಸೇಜ್ ಬಂದರೂ ಆ ಎರಡು ಅಕ್ಷರ ಹುಡುಕುತ್ತಾರೆ. ಇದ್ದರೆ ಬಾಗಿಲು ಹಾಕುತ್ತಾರೆ, ಇಲ್ಲದಿದ್ದರೆ ರೀಚಾರ್ಜು.

ಇದನ್ನು ಹೇಳೋಣ ಅಂತ ಕೈ ಎತ್ತುವ ಗುರುತು ಒತ್ತಿದೆ. ಹನ್ನೆರಡು ನಿಮಿಷ ಕೈ ಎತ್ತಿಕೊಂಡೇ ಇತ್ತು. ಕೊನೆಗೆ ಬಿಟ್ಟರು. 'ಮೇಡಂ, ನನ್ನ ಕ್ಲಾಸಿನಲ್ಲಿ ಒಬ್ಬರು ಅಜ್ಜಿ' ಅನ್ನುವಷ್ಟರಲ್ಲಿ, 'ತುಂಬ ಒಳ್ಳೆ ಪಾಯಿಂಟ್! ಅದು ಮಾಡ್ಯೂಲ್ 4ರಲ್ಲಿ ಬರುತ್ತೆ, ಅನುಭವ ಹಂಚಿಕೆ ಅಂತಲೇ ಇಟ್ಟಿದ್ದೀವಿ' ಅಂದರು. ಮತ್ತೆ ಮ್ಯೂಟ್. ಮಾಡ್ಯೂಲ್ 4 ಬಂದದ್ದು ಎಂಟು ಇಪ್ಪತ್ತೇಳಕ್ಕೆ. 'ಸಮಯ ಇಲ್ಲ, ಇದನ್ನು ಬಿಡೋಣ. ನಿಮ್ಮ ಅನುಭವ ನಿಮಗೆ ಗೊತ್ತಿರೋದೇ ಅಲ್ವಾ?' ನಿಜ. ಇಲ್ಲ ಅನ್ನೋಕಾಗುತ್ತಾ?

ಹಾಜರಾತಿ ಬಾಕಿ ಇತ್ತು. 'ಎಲ್ಲರೂ ಥಂಬ್ಸ್ ಅಪ್ ಒತ್ತಿ, ಸ್ಕ್ರೀನ್‌ಶಾಟ್ ತಗೋತೀವಿ' ಅಂದರು. ಪರದೆ ತುಂಬ ಹಳದಿ ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತುವುದನ್ನು ಬಿಡಿಸಿ ಸಹಿ ಕಲಿಸಲು ಹೊರಟ ಇನ್ನೂರು ಜನ ಸಾಲಾಗಿ ಹೆಬ್ಬೆಟ್ಟು ಒತ್ತಿದೆವು. ಇದರಲ್ಲೂ ಅಜ್ಜಿ ನಮಗಿಂತ ಮುಂದೆ. ಸಹಿ ಕಲಿತ ವಾರವೇ ಅವರು ಹುರುಪಿನಿಂದ ರೇಷನ್ ಅಂಗಡಿಗೆ ಹೋಗಿದ್ದರು, ಅಲ್ಲಿ 'ಸಹಿ ಬೇಡ ಅಜ್ಜಿ, ಬೆರಳಿಡಿ' ಅಂದರು. ನಲವತ್ತು ವರ್ಷ ತೋಟದಲ್ಲಿ ದುಡಿದ ಕೈ, ಗೆರೆ ಸವೆದಿದೆ, ಮೆಷಿನ್ ಹಿಡಿಯಲಿಲ್ಲ. ಬರುವ ಸಹಿ ಬೇಡ, ಬೇಕಾದ ಹೆಬ್ಬೆಟ್ಟು ಬರಲ್ಲ.

ಆಮೇಲೆ ಗೂಗಲ್ ಫಾರ್ಮು. ಕಲಿಯುವವರಿಗೆ ಪರೀಕ್ಷೆ 150 ಅಂಕಕ್ಕೆ: ಓದು 50, ಬರಹ 50, ಲೆಕ್ಕ 50. ಕೂತು ಬರೆಯಬೇಕು, ಬೆವರು ಬರುತ್ತದೆ. ಕಲಿಸುವ ನಮಗೆ ಐದು ಪ್ರಶ್ನೆ, ಚುಕ್ಕಿ ಒತ್ತಿದರೆ ಆಯಿತು. ಒಂದು ಪ್ರಶ್ನೆ ಹೀಗಿತ್ತು: 'ಕಲಿಕಾರ್ಥಿಯ ಅನುಭವಕ್ಕೆ ಬೆಲೆ ಕೊಡಬೇಕೇ? ಹೌದು. ಅಲ್ಲ. ಮೇಲಿನ ಎರಡೂ.' ನನಗೆ ಗೊತ್ತಿರುವ ಒಬ್ಬರು ಏಳು ಗಂಟೆಗೇ ಫೋನನ್ನು ಏಳನೇ ಕ್ಲಾಸಿನ ಮಗನ ಕೈಗೆ ಕೊಟ್ಟು ಹಾಲು ಕರೆಯಲು ಹೋಗಿದ್ದರು. ಮಗನೇ ಕೂತ, ಮಗನೇ ಹೆಬ್ಬೆಟ್ಟು ಒತ್ತಿದ, ಮಗನೇ ಉತ್ತರ ಕೊಟ್ಟ. ಅವರಿಗೆ ನೂರಕ್ಕೆ ನೂರು. ಬಚ್ಚಲಲ್ಲಿ ಎರಡು ಗಂಟೆ ಕೂತ ನನಗೆ ಎಂಬತ್ತು.

ಓದುಬರಹ ಬರಬೇಕಾದರೆ ಸುಮಾರು 200 ಗಂಟೆ ಕಲಿಯಬೇಕು ಅಂತ ಯೋಜನೆಯವರೇ ಲೆಕ್ಕ ಹಾಕಿದ್ದಾರೆ. ನಮಗೆ ವಾರಕ್ಕೆ ಸಿಗುವುದು ಮೂರು ಗಂಟೆ. ಮಳೆ, ಹಬ್ಬ, ಕಾಫಿ ಕೊಯ್ಲು ಯಾವುದಕ್ಕೂ ಬಿಡದೆ ನಡೆಸಿದರೂ ಒಂದೂಕಾಲು ವರ್ಷ ಹಿಡಿಯುತ್ತದೆ. ಅದರಲ್ಲಿ ಒಂದೂವರೆ ಗಂಟೆ ಆಂಡ್ರಗಾಜಿಗೆ ಹೋಯಿತು. ಮುಂದಿನ ಕಾರ್ಯಾಗಾರದ ಲಿಂಕೂ ಬಂದಿದೆ. ವಿಷಯ, 'ಕಲಿಕಾರ್ಥಿಗಳು ತರಗತಿಗೆ ಬರುವುದನ್ನು ನಿಲ್ಲಿಸುವುದೇಕೆ?' ಶುಕ್ರವಾರ ಸಂಜೆ 6.30ಕ್ಕೆ.

ಸರ್ಟಿಫಿಕೇಟ್ ಎರಡೇ ದಿನಕ್ಕೆ ಬಂತು. ಬಣ್ಣಬಣ್ಣದ ಅಂಚು, ಎರಡು ಸಹಿ, ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪು. ಫೈಲಿಗೆ ಬೇಕು ಅಂತ ಹಾನುಬಾಳಿನಲ್ಲಿ ಹತ್ತು ರೂಪಾಯಿ ಕೊಟ್ಟು ಪ್ರಿಂಟ್ ತೆಗೆಸಿ, ಶುಕ್ರವಾರ ಹಾಗೇ ಕ್ಲಾಸಿಗೆ ಹೋದೆ. ಹನ್ನೊಂದರಲ್ಲಿ ಏಳು ಜನ ಬಂದಿದ್ದರು. ಅಜ್ಜಿ ಹಾಳೆಯನ್ನು ಕೈಗೆ ತಗೊಂಡು, ಸೆರಗಿನಲ್ಲಿ ಬೆರಳು ಒರೆಸಿಕೊಂಡು, ಸಾಲು ಸಾಲಾಗಿ ಹುಡುಕಿದರು. ಎಲ್ಲ ಇಂಗ್ಲಿಷು. ಒಂದು 'ರ' ಇಲ್ಲ, ಒಂದು 'ಗ' ಇಲ್ಲ.

'ಏನಂತ ಬರ್ದವ್ರೆ ಟೀಚರೇ?'

'ಪಾಠ ಮಾಡೋದು ಹೇಗೆ ಅಂತ ನಾನು ಕಲಿತಿದ್ದೀನಂತೆ ಅಜ್ಜಿ.'

'ಓ. ಯಾವಾಗ ಕಲಿತ್ರಿ?'

'ಮಂಗಳವಾರ. ನೀವೆಲ್ಲ ಬಂದು, ಬೀಗ ನೋಡ್ಕೊಂಡು ವಾಪಸ್ ಹೋದ್ರಂತಲ್ಲ, ಅವತ್ತು.'