ಸ್ಪಷ್ಟನೆ: ಗಿನಿಪಿಗ್‌ಗೆ ವಾರಕ್ಕೊಮ್ಮೆ ಸ್ನಾನ ಬೇಕಿಲ್ಲ
ಗಿನಿಪಿಗ್‌ಗೆ ವಾರಕ್ಕೊಮ್ಮೆ ಬೇಬಿ ಶಾಂಪೂ ಹಾಕಿ ಸ್ನಾನ ಮಾಡಿಸದಿದ್ದರೆ ವಾಸನೆ ಬರುತ್ತದೆ ಎಂಬ ಮಾತು ಹರಿದಾಡುತ್ತಿದೆ. ಅದು ಸರಿಯಲ್ಲ.

ವಾಸನೆ ಸಾಮಾನ್ಯವಾಗಿ ಬರುವುದು ಗೂಡಿನ ಒದ್ದೆ ಹಾಸಿನಿಂದ. ಪಾಪದ ಪ್ರಾಣಿಯನ್ನು ಸುಮ್ನೆ ನೆನೆಸುವ ಬದಲು ಹಾಸು ಬದಲಿಸಿ. ಪದೇ ಪದೇ ತೊಳೆದರೆ ಚರ್ಮದ ಎಣ್ಣೆಯಂಶ ಹೋಗಿ ತುರಿಕೆ ಶುರುವಾಗಬಹುದು. ಚಳಿ, ಗಾಬರಿ ಬೇರೆ. ಕೊಳೆ ಅಂಟಿದ್ದರೆ ಆ ಭಾಗವನ್ನಷ್ಟೇ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಟವೆಲ್‌ನಿಂದ ಚೆನ್ನಾಗಿ ಒರೆಸಿ. ಕಣ್ಣು, ಕಿವಿಗೆ ನೀರು ಹೋಗಬಾರದು.

ಚಿಂಚಿಲಾ ಎಂಬ ಇಲಿಯಂಥ ಸಾಕುಪ್ರಾಣಿಗಳು ಮೈ ಶುಚಿಗೆ ನುಣ್ಣನೆ ಧೂಳಿನಲ್ಲಿ ಹೊರಳುತ್ತವೆ; ಆ ಧೂಳಿನ ಸ್ನಾನವಂತೂ ಗಿನಿಪಿಗ್‌ಗೆ ಬೇಡವೇ ಬೇಡ. ಕಣ್ಣು ಉರಿಯುತ್ತದೆ, ಉಸಿರಾಟಕ್ಕೂ ತೊಂದರೆ. ಪೆರುವಿಯನ್‌ನಂಥ ಉದ್ದಕೂದಲಿನ ತಳಿಯಾದರೆ ದಿನವೂ ಬಾಚಿ. ಜಾಸ್ತಿ ಕೆರೆದುಕೊಂಡು ಕೂದಲು ಉದುರುತ್ತಿದ್ದರೆ ಚರ್ಮದಲ್ಲಿ ನುಸಿಯಂಥ ಸಣ್ಣ ಹುಳು ಇರಬಹುದು. ಶಾಂಪೂ ಹುಡುಕದೆ ಪಶುವೈದ್ಯರಿಗೆ ತೋರಿಸಿ.