ಕ್ಯಾನ್‌ಬೆರಾದ ಜಾಲರಿ, ಮೈಸೂರಿನ ಹೆಂಚು

‘ನಿಮ್ಮ ಊರಿನ ಬೆಕ್ಕುಗಳಿಗೆ ಮನೆಯೇ ಇರುವುದಿಲ್ಲವಂತೆ, ಪಾಪ’ ಎಂದು ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ ಹೇಳಿದಾಗ ನಾನು ಬಟ್ಟೆ ಒಣಹಾಕುತ್ತಿದ್ದೆ. ಆಕೆ ಕೆಟ್ಟವರೇನಲ್ಲ, ಯಾವುದೋ ವಿಡಿಯೊ ನೋಡಿ ಮರುಗಿದ್ದರು. ದೂಳು, ವಾಹನ ದಟ್ಟಣೆ, ಕರೆಂಟು ಹೋಗುವುದು ಇಂಥದ್ದನ್ನು ಎತ್ತಿದ್ದರೆ ಹೌದೆಂದು ತಲೆಯಾಡಿಸಿ ಒಳಗೆ ಬರುತ್ತಿದ್ದೆ. ಬೆಕ್ಕಿನ ವಿಷಯ ಮಾತ್ರ ಚುಚ್ಚಿತು. ಮೈಸೂರಿನ ಕೃಷ್ಣಮೂರ್ತಿಪುರಂನ ನಮ್ಮ ಬೆಕ್ಕಿಗೆ ಸಾಲಿನ ಮನೆಗಳೆಲ್ಲ ಸ್ವಂತದವೇ ಆಗಿದ್ದವು. ನಮ್ಮಲ್ಲಿ ಅದು ಪುಟ್ಟಿ, ಎದುರು ಮನೆಯ ಮೇಷ್ಟರಿಗೆ ರಾಣಿ, ಮೂಲೆ ಮನೆಯ ಅಜ್ಜಿಗೆ ಬರೀ ‘ಮುಂಡೇದು’. ಯಾವ ಹೆಸರಿಗಾದರೂ ಓಗೊಡುತ್ತಿತ್ತು, ತನಗೆ ಮನಸ್ಸಿದ್ದಾಗ. ಸಾಕಿದ ಬೆಕ್ಕು ತನ್ನ ಹೆಸರನ್ನು ಅದೇ ಧಾಟಿಯ ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸಬಲ್ಲದು ಎಂದು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದರು. ಅಲ್ಲಿನವರೇ 2013ರಲ್ಲಿ ಕಂಡುಕೊಂಡ ಇನ್ನೊಂದು ಸಂಗತಿ: ಬೆಕ್ಕಿಗೆ ಮನೆಯವರ ದನಿ ಚೆನ್ನಾಗಿ ಗೊತ್ತಾಗುತ್ತದೆ, ಕಿವಿಯನ್ನೂ ತಿರುಗಿಸುತ್ತದೆ, ಎದ್ದು ಬರುವುದಿಲ್ಲ ಅಷ್ಟೇ. ಮೂಲೆ ಮನೆಯ ಅಜ್ಜಿಗೆ ಇದನ್ನು ತಿಳಿಸಲು ಯಾರೂ ಬೇಕಿರಲಿಲ್ಲ.

ನಾನಿರುವ, ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಿಂದೀಚೆಗೆ ಹುಟ್ಟಿದ ಬೆಕ್ಕು ಮನೆಯ ಆವರಣ ದಾಟುವಂತಿಲ್ಲ. ದಾಟಲೇಬೇಕೆಂದರೆ ಪಟ್ಟಿ ಕಟ್ಟಿ, ಹಗ್ಗ ಹಿಡಿದು ಕರೆದೊಯ್ಯಬೇಕು. ಚರ್ಮದಡಿ ಮೈಕ್ರೊಚಿಪ್, ಸರ್ಕಾರದಲ್ಲಿ ನೋಂದಣಿ, ಸಂತಾನ ತಡೆಯುವ ಆಪರೇಷನ್, ಎಲ್ಲವೂ ಕಾನೂನು. ಪಕ್ಕದ ಮನೆಯ ಬೂದು ಬೆಕ್ಕಿಗೆ ಹಿತ್ತಿಲಿನಲ್ಲಿ ತಂತಿ ಜಾಲರಿಯ ಒಂದು ಕೋಣೆಯಿದೆ. ಅದಕ್ಕೆ ಕ್ಯಾಟಿಯೊ ಎನ್ನುತ್ತಾರೆ. ಒಳಗೆ ಹಲಗೆಗಳು, ಹಗ್ಗ ಸುತ್ತಿದ ಕಂಬ, ಸ್ಪ್ರಿಂಗಿನ ತುದಿಯಲ್ಲಿ ಕೋಳಿ ಗರಿ, ಪಂಜಾ ತೂರಿಸಿ ಕಾಳು ಹೊರತೆಗೆಯಬೇಕಾದ ಪ್ಲಾಸ್ಟಿಕ್ ಯಂತ್ರ. ಬುದ್ಧಿಗೆ ಕಸರತ್ತು ಬೇಕಲ್ಲ ಎಂದು ಆಕೆ ಆ ಯಂತ್ರವನ್ನು ಹೆಮ್ಮೆಯಿಂದ ತೋರಿಸಿದರು. ಬೆಕ್ಕು ಅದಕ್ಕೆ ಬೆನ್ನು ಹಾಕಿ ಕುಳಿತಿತ್ತು.

ಅದರಲ್ಲಿ ಅದರ ತಪ್ಪಿಲ್ಲ. ಇಲಿ, ಪಾರಿವಾಳ, ಕೋತಿ ಮುಂತಾದ ಬಹುಪಾಲು ಪ್ರಾಣಿಗಳು ಆಹಾರ ಪುಕ್ಕಟೆ ಸಿಗುತ್ತಿದ್ದರೂ ಒಂದಿಷ್ಟನ್ನು ಕಷ್ಟಪಟ್ಟೇ ತೆಗೆದು ತಿನ್ನಲು ಮನಸ್ಸು ಮಾಡುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2021ರಲ್ಲಿ ಬೆಕ್ಕುಗಳ ಮುಂದೆ ತಟ್ಟೆಯನ್ನೂ ಯಂತ್ರವನ್ನೂ ಇಟ್ಟು ನೋಡಿದಾಗ ಅವು ತಟ್ಟೆಗೇ ಬಾಯಿ ಹಾಕಿದವು. ದುಡಿದು ತಿನ್ನುವ ಹಟ ಬೆಕ್ಕಿಗಿಲ್ಲ. ಅದರ ಕುತೂಹಲ ಹೊಟ್ಟೆಯದ್ದಲ್ಲ, ‘ಅಲ್ಲೇನಿದೆ’ ಎನ್ನುವುದರದ್ದು. ಇಷ್ಟನ್ನು ಅರಿಯದೆ ಅಂಗಡಿಯಿಂದ ಕುತೂಹಲವನ್ನು ಕೊಂಡು ತರುವ ಊರು ನನ್ನನ್ನು ಪಾಪ ಎನ್ನುತ್ತದೆ!

ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಸಂಜೆ ನಮ್ಮ ಹಜಾರದಲ್ಲಿ ಪುಟ್ಟಿಯ ತಪಾಸಣೆ ನಡೆಯುತ್ತಿತ್ತು. ಬಿಳಿ ಪಂಚೆ ಹೊದಿಸಿದ ಮೆಟ್ಟಿಲುಗಳು, ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ಶೆಟ್ಟಿ, ಶೆಟ್ಟಿಯ ಮುಂದೆ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಪುಟ್ಟಿ ಮೊದಲು ಕೆಳಗಿನ ಮೆಟ್ಟಿಲಿಗೆ ಮೂಗು ತಾಗಿಸುತ್ತಿತ್ತು. ಒಂದು ಗೇಣಿನ ಒಳಗೆ ಬಂದ ವಸ್ತು ಬೆಕ್ಕಿನ ಕಣ್ಣಿಗೆ ಮಸುಕು. ಹತ್ತಿರದ್ದನ್ನು ಅದು ಮೂಗು ಮತ್ತು ಮೀಸೆಯಿಂದಲೇ ಓದಬೇಕು. ಶೆಟ್ಟಿಯ ಬೋಳುತಲೆ, ಅವನ ಹೆಂಡತಿಯ ಮೂಗುತಿ, ಬೇಳೆಯ ಬಟ್ಟಲು ಎಲ್ಲದರ ಸುತ್ತ ಮೀಸೆಯನ್ನು ಮುಂದಕ್ಕೆ ಚಾಚಿ ಒಂದು ಸುತ್ತು. ಆಮೇಲೆ ಏರುವುದು. ಮುಂಗಾಲು ಎತ್ತಿದ ಜಾಗದಲ್ಲೇ ಹಿಂಗಾಲು ಬಂದು ಕೂರುತ್ತಿದ್ದುದರಿಂದ ಒಂದು ಗೊಂಬೆಯೂ ಅಲುಗುತ್ತಿರಲಿಲ್ಲ. ಬೆಕ್ಕಿನ ಕೊರಳೆಲುಬು ಬೇರೆ ಎಲುಬಿಗೆ ಅಂಟಿಕೊಂಡಿರುವುದಿಲ್ಲ, ಸ್ನಾಯುಗಳ ನಡುವೆ ಸಡಿಲವಾಗಿರುತ್ತದೆ. ತಲೆ ತೂರಿದರೆ ಸಾಮಾನ್ಯವಾಗಿ ಮೈಯೂ ತೂರುತ್ತದೆ. ರಾಜ ರಾಣಿಯರ ನಡುವಿನ ನಾಲ್ಕು ಬೆರಳಿನ ಸಂದಿಯಲ್ಲಿ ನುಸುಳಿ, ರಾಣಿಯ ಜರಿ ಸೀರೆಗೆ ಕೆನ್ನೆ ಉಜ್ಜಿ, ಕೆನ್ನೆಯ ಗ್ರಂಥಿಗಳ ವಾಸನೆ ಹಚ್ಚಿ ಖಾತೆ ಬದಲಾಯಿಸಿಕೊಳ್ಳುತ್ತಿತ್ತು. ಇಳಿದು ಬರುವಾಗ ಶೆಟ್ಟಿಯ ತಕ್ಕಡಿಯನ್ನು ಪಂಜಾದಲ್ಲಿ ಸ್ವಲ್ಪ ಸ್ವಲ್ಪವೇ ಅಂಚಿಗೆ ತಳ್ಳಿ, ಬಿದ್ದ ಮೇಲೆ ಬಗ್ಗಿ ನೋಡುತ್ತಿತ್ತು. ‘ಮುಗಿಯಿತೇನೇ ನಿನ್ನ ದರ್ಬಾರು?’ ಎಂದು ಅಮ್ಮ ತಕ್ಕಡಿಯನ್ನು ಎತ್ತಿಡುತ್ತಿದ್ದರು. ಆರತಿಗೆ ಬಂದ ಮಕ್ಕಳಿಗೆಂದು ಇಟ್ಟ ಮೈಸೂರು ಪಾಕನ್ನು ಮೂಸಿ ನೋಡುತ್ತಿದ್ದುದು ತುಪ್ಪಕ್ಕಾಗಿ ಮಾತ್ರ. ಸಿಹಿಯನ್ನು ಗುರುತಿಸುವ ವಂಶವಾಹಿಗಳಲ್ಲೊಂದು ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ಗೊತ್ತಾಯಿತು. ಮೈಸೂರಿನಲ್ಲಿ ಹುಟ್ಟಿ ಇದೆಂಥ ಶಿಕ್ಷೆಯೋ.

ಗೊಂಬೆ ಹಬ್ಬ ವರ್ಷಕ್ಕೊಂದು ಸಲ. ಮಿಕ್ಕ ದಿನಗಳಿಗೆ ಕನ್ಸರ್ವೆನ್ಸಿ, ಅಂದರೆ ಮನೆಗಳ ಹಿಂದಿನ ಓಣಿ, ಇತ್ತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಹೋದ ಮೇಲೆ 1903ರಲ್ಲಿ ಮೈಸೂರಿಗೆ ನಗರ ಸುಧಾರಣಾ ಮಂಡಳಿ ಬಂತು. ಗಾಳಿ ಬೆಳಕಿಗೆ, ಕಸ ಸಾಗಿಸುವುದಕ್ಕೆ ಮನೆಗಳ ಹಿಂದೆ ಓಣಿಗಳು ಹುಟ್ಟಿಕೊಂಡವು. ಇಲಿಗೆ ಹೆದರಿ ನಡೆದ ನಗರ ಯೋಜನೆಯ ಪೂರ್ಣ ಲಾಭ ಪಡೆದವರು ಬೆಕ್ಕುಗಳು. ಹಿತ್ತಿಲ ಗೋಡೆ, ಅಲ್ಲಿಂದ ಸೀಬೆ ಮರ, ಮರದಿಂದ ಹೆಂಚು, ಹೆಂಚಿನ ಸಂದಿಯಿಂದ ಅಟ್ಟ. ಮರಿ ಹಾಕಿದಾಗಲಂತೂ ನಮ್ಮ ಅಟ್ಟದಿಂದ ಮೇಷ್ಟರ ಸೌದೆ ಕೋಣೆಗೆ, ಅಲ್ಲಿಂದ ಅಜ್ಜಿಯ ಬಚ್ಚಲಿಗೆ, ಕತ್ತು ಕಚ್ಚಿ ಒಂದೊಂದನ್ನೇ ಸಾಗಿಸುತ್ತಿತ್ತು. ಕಚ್ಚಿದೊಡನೆ ಮರಿ ಮೈ ಸಡಿಲಬಿಟ್ಟು ತೂಗಾಡುವುದನ್ನು ನೋಡಿಯೇ ಇರಬೇಕು, ಶ್ರೀವೈಷ್ಣವ ವಿದ್ವಾಂಸರು ಭಗವಂತನ ಕೃಪೆಯ ವಾದಕ್ಕೆ, ತಾಯಿಯನ್ನು ತಾನೇ ಅವುಚಿ ಹಿಡಿಯುವ ಕೋತಿ ಮರಿಯ ಎದುರು ಬೆಕ್ಕಿನ ಮರಿಯನ್ನು ನಿಲ್ಲಿಸಿದ್ದು. ಯಾರ ಮನೆಯ ಬೆಕ್ಕು ಎಂದು ಯಾರೂ ಕೇಳಲಿಲ್ಲ. ‘ನಮ್ಮಲ್ಲಿಗೆ ಬರುತ್ತದೆ’ ಎನ್ನುತ್ತಿದ್ದರು.

ಆ ಒಂದು ಮಾತು ಕ್ಯಾನ್‌ಬೆರಾದಲ್ಲಿ ಚಲಾವಣೆಯಲ್ಲಿಲ್ಲ. ಇಲ್ಲಿ ಬೆಕ್ಕಿಗೆ ಒಬ್ಬ ಮಾಲೀಕ, ಒಂದು ಸಂಖ್ಯೆ, ವಿಮೆ, ತೂಕ ನೋಡಿ ಅಳೆದು ಹಾಕುವ ಆಹಾರ ಇವೆ. ನೋಡಬೇಕಾದದ್ದೇ ಇಲ್ಲ. ಬೂದು ಬೆಕ್ಕು ಬೆಳಿಗ್ಗೆಯಿಂದ ಜಾಲರಿಗೆ ಮೂಗು ಒತ್ತಿ ಮ್ಯಾಗ್‌ಪೈ ಹಕ್ಕಿಗಳನ್ನು ನೋಡುತ್ತ ಕಟಕಟ ದವಡೆ ಆಡಿಸುತ್ತದೆ. ಅದು ನಿಜವಾಗಿ ಸಂಭ್ರಮಿಸಿದ್ದನ್ನು ನಾನು ಕಂಡದ್ದು ಪಾರ್ಸಲ್ ಬಂದ ದಿನ, ಖಾಲಿ ರಟ್ಟಿನ ಡಬ್ಬದೊಳಗೆ. ನೆದರ್‌ಲೆಂಡ್ಸಿನ ಒಂದು ಬೆಕ್ಕಿನ ಆಶ್ರಯಧಾಮದಲ್ಲಿ ಹೊಸದಾಗಿ ಬಂದವಕ್ಕೆ ಅಡಗಲು ಡಬ್ಬ ಕೊಟ್ಟರೆ ಬೇಗ ನಿರಾಳವಾಗುತ್ತವೆಂದು ಯುಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ್ದರು. ದುಬಾರಿ ಕಂಬ ಹಾಗೇ ನಿಂತಿದೆ.

ನಮ್ಮವರ ಮೇಲೂ ನನಗೆ ಸಿಟ್ಟಿದೆ. ಬೆಕ್ಕಿಗೆ ಹಾಲು ಇಟ್ಟ ಕೈಯೇ, ಅದು ಅಡ್ಡ ಬಂದರೆ ಹೊರಟವರನ್ನು ಒಳಗೆ ಕರೆದು ನೀರು ಕುಡಿಸಿ ಕೂರಿಸುತ್ತದೆ. ಆ ಹಾಲಾದರೂ ಸರಿಯೇ? ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಪಶುವೈದ್ಯರನ್ನು ಕೇಳಿದರೆ ತೆನಾಲಿ ರಾಮಕೃಷ್ಣನ ಬೆಕ್ಕಿನ ಪಕ್ಷವನ್ನೇ ವಹಿಸುತ್ತಾರೆ. ಮತ್ತೆ, ಪುಟ್ಟಿಯ ಮರಿಗಳಲ್ಲಿ ಎಷ್ಟು ಉಳಿದವು ಎಂದು ಆ ಸಾಲಿನಲ್ಲಿ ಯಾರೂ ಲೆಕ್ಕ ಇಟ್ಟಿರಲಿಲ್ಲ. ‘ಬರುತ್ತದೆ’ ಎನ್ನುವವರು, ಬಾರದೆ ಹೋದಾಗ ಹುಡುಕಲು ಹೋಗುವುದಿಲ್ಲ.

ಇದನ್ನು ಬರೆಯಲು ಮನಸ್ಸಿರಲಿಲ್ಲ, ಆದರೂ ಇರಲಿ: ಜಾಲರಿಗೆ ಕಾರಣವಿದೆ. ಆಸ್ಟ್ರೇಲಿಯಾದಲ್ಲಿ ಬೆಕ್ಕೇ ಇರಲಿಲ್ಲ. 1788ರಲ್ಲಿ ಬ್ರಿಟಿಷರ ಹಡಗುಗಳೊಡನೆ ಬಂದಿಳಿಯಿತು. ಈಗ ದೇಶದ ಶೇ 99ಕ್ಕೂ ಹೆಚ್ಚು ನೆಲದಲ್ಲಿದೆ. ನಮ್ಮ ಕಡೆಯ ಇಲಿ, ಅಳಿಲುಗಳು ಕಾಡುಬೆಕ್ಕು, ಮುಂಗುಸಿಗಳ ಜೊತೆಯಲ್ಲೇ ಬೆಳೆದು ಓಡುವುದನ್ನು ಕಲಿತಿವೆ. ಇಲ್ಲಿನ ಸಣ್ಣ ಪ್ರಾಣಿಗಳಿಗೆ ಇಂಥ ಹೊಂಚುಗಾರನ ಪರಿಚಯವೇ ಇರಲಿಲ್ಲ. 20ಕ್ಕೂ ಹೆಚ್ಚು ಜಾತಿಯ ಸಸ್ತನಿಗಳು ಅಳಿದುಹೋದುದರಲ್ಲಿ ಬೆಕ್ಕಿನ ಪಾಲಿದೆ. ಉಳಿದಿರುವ ಬಿಲ್ಬಿ, ನಂಬ್ಯಾಟ್ ಎಂಬ ಸಣ್ಣ ಸಸ್ತನಿಗಳಿಗೂ ಅದೇ ಭಯ. ಪುಟ್ಟಿಯನ್ನು ತಂದು ಇಲ್ಲಿ ಬಿಟ್ಟಿದ್ದರೆ ಕುತೂಹಲ ತಣಿಯುವಷ್ಟರಲ್ಲಿ ಬೇಲಿಯ ಆಚೆ ಹಕ್ಕಿಯ ಪುಕ್ಕಗಳಷ್ಟೇ ಉಳಿಯುತ್ತಿದ್ದವು. ಪಕ್ಕದ ಮನೆಯಾಕೆ ಇದನ್ನು ವಿವರಿಸಿದಾಗ ಎದುರಾಡಲು ಏನೂ ಸಿಗಲಿಲ್ಲ. ‘ಪಾಪ’ ಎಂದದ್ದನ್ನು ಮಾತ್ರ ಈಗಲೂ ಒಪ್ಪುವುದಿಲ್ಲ.

ಮೈಸೂರಿನಲ್ಲೂ ಹೆಂಚು ಕಡಿಮೆಯಾಗುತ್ತಿದೆ. ನಮ್ಮ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದಿದೆ, ಹಿಂದಿನ ಕನ್ಸರ್ವೆನ್ಸಿಗೆ ಯಾರೋ ಗೇಟು ಹಾಕಿ ಸ್ಕೂಟರ್ ನಿಲ್ಲಿಸುತ್ತಾರೆ. ಅಲ್ಲೇ ಮೂರನೇ ಮಹಡಿಯಲ್ಲಿರುವ ತಂಗಿ ಕಂದು ಬಣ್ಣದ ಮರಿಯೊಂದನ್ನು ತಂದಿದ್ದಾಳೆ. ‘ಬಾಲ್ಕನಿಯ ಕಟಕಟೆಯ ಮೇಲೆ ನಡೆಯುತ್ತದೆ ಅಣ್ಣ, ಏನು ಮಾಡಲಿ?’ ಎಂದು ಫೋನು ಮಾಡಿದಳು. ಬೆಕ್ಕು ಎತ್ತರದಿಂದ ಬಿದ್ದರೂ ಕಾಲ ಮೇಲೇ ಬೀಳುತ್ತದೆ ಎಂಬುದು ಸುಳ್ಳಲ್ಲ. ನ್ಯೂಯಾರ್ಕಿನಲ್ಲಿ ಮಹಡಿಗಳಿಂದ ಬಿದ್ದು ಚಿಕಿತ್ಸೆಗೆ ಬಂದ 132 ಬೆಕ್ಕುಗಳ ವಿವರವನ್ನು 1987ರಲ್ಲಿ ಪಶುವೈದ್ಯರು ಪ್ರಕಟಿಸಿದರು. ಶೇ 90ರಷ್ಟು ಬದುಕಿದ್ದವು. ಆದರೆ ಅವುಗಳಲ್ಲಿ ಎಷ್ಟೋ ಬೆಕ್ಕುಗಳ ಎದೆಗೆ ಪೆಟ್ಟಾಗಿತ್ತು, ದವಡೆ ಒಡೆದಿತ್ತು. ಇಷ್ಟು ಗೊತ್ತಿದ್ದೂ ಬಿಟ್ಟುಬಿಡು ಎಂದು ಹೇಳುವುದಾದರೂ ಹೇಗೆ? ಜಾಲರಿ ಹಾಕಿಸು, ಆಪರೇಷನ್ನನ್ನೂ ಮಾಡಿಸು ಎಂದೆ. ಜಾಲರಿಗೆ ಹೊಸದಾಗಿ ಖರ್ಚೇನೂ ಆಗಲಿಲ್ಲವಂತೆ, ಪಾರಿವಾಳಕ್ಕೆಂದು ತಂದು ಮಿಕ್ಕಿದ್ದ ಬಲೆಯೇ ಸಾಕಾಯಿತು.